ಚೀಲದಲ್ಲೇ ಉಳಿದ ಕಾಗದ

ಬೈನೆಗುಡ್ಡ ಕಾಲೋನಿ,
ಮೂಡಿಗೆರೆ ತಾಲೂಕು
12 ಜನವರಿ 2025

ರಕ್ಷಾ,

ಹನ್ನೊಂದು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಹನ್ನೆರಡನೇ ಸಲ ಮಾಡಲು ನನಗೇ ನಾಚಿಕೆಯಾಗಿ ಈಗ ಕಾಗದ ಹಿಡಿದು ಕೂತಿದ್ದೇನೆ. ನೀನು ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿದ್ದಾಗ ನಾವಿಬ್ಬರೂ ಇನ್‌ಲ್ಯಾಂಡ್ ಲೆಟರಿನ ಮಡಿಕೆಯನ್ನೂ ಬಿಡದೆ ಬರೆಯುತ್ತಿದ್ದೆವು, ನೆನಪಿದೆಯಾ? ಫೋನು ಎತ್ತದವಳು ಪೋಸ್ಟಿನಲ್ಲಿ ಬಂದದ್ದನ್ನು ಒಡೆಯದೆ ಇರಲಾರಳು ಎಂಬ ಧೈರ್ಯ ನನ್ನದು.

ನೇರ ವಿಷಯಕ್ಕೆ ಬರುತ್ತೇನೆ. ನೀವು ತೋಟ ಮಾರಿ ಹೋದ ಮೇಲೆ, ಕೊಂಡ ರೆಸಾರ್ಟಿನವರು ಹೋದ ತಿಂಗಳು ನಮ್ಮ ರಸ್ತೆಗೆ ಗೇಟು ಹಾಕಿದರು. ಕಾಲೋನಿಯ ಮೂವತ್ತೆರಡು ಮನೆಗೂ ಇದ್ದದ್ದು ಅದೊಂದೇ ದಾರಿ. ಆಟೋ, ಜೀಪು, ಆಂಬುಲೆನ್ಸು ಒಂದೂ ಒಳಗೆ ಬರುವ ಹಾಗಿಲ್ಲ. ಗುಡ್ಡ ಸುತ್ತಿಕೊಂಡು ಹೋದರೆ ನಾಲ್ಕು ಕಿಲೋಮೀಟರ್, ನಡುವೆ ದಾಟಲು ಕಾಲುಸಂಕವೂ ಇಲ್ಲದ ಹಳ್ಳ ಬೇರೆ. ಗೇಟು ಕಾಯಲು ನಮ್ಮ ಕಾಲೋನಿಯ ಬೆಳ್ಳಿಯಪ್ಪಣ್ಣನನ್ನೇ ಇಟ್ಟುಕೊಂಡಿದ್ದಾರೆ. ಪಾಪ, ಸಂಜೆ ಡ್ಯೂಟಿ ಮುಗಿಸಿ ಮನೆಗೆ ಬರಲು ಅವನೂ ಆ ಗೇಟಿನ ಪಕ್ಕದ ಸಂದಿಯಲ್ಲೇ ಹೊಟ್ಟೆ ಒಳಗೆಳೆದುಕೊಂಡು ನುಸುಳುತ್ತಾನೆ.

ಮ್ಯಾನೇಜರನ್ನು ಕೇಳಿದೆ. "ಪಂಚಾಯಿತಿ ರಸ್ತೆ ಅಂತೀರಲ್ಲ ಮೇಡಂ, ಜಾಗ ಪಂಚಾಯಿತಿಗೆ ಬಿಟ್ಟುಕೊಟ್ಟ ಕಾಗದ ತೋರಿಸಿ" ಎಂದ. ತೋರಿಸಲು ನನ್ನ ಹತ್ತಿರ ಏನಿದೆ? ಗುದ್ದಲಿ ಪೂಜೆಯ ದಿನ ನಿನ್ನ ಅಪ್ಪ ಗೌಡ್ರು ಕಾಯಿ ಒಡೆಯುತ್ತಿರುವ ಒಂದು ಫೋಟೋ ಇದೆ. ಅದನ್ನು ವಕೀಲರಿಗೆ ತೋರಿಸಿದೆ. ಕಾಯಿ ಒಡೆದದ್ದು ಜಾಗ ಕೊಟ್ಟದ್ದಕ್ಕೆ ಸಾಕ್ಷಿಯಲ್ಲವಂತೆ.

ಜಾಗ ಕೇಳಲು ನಾನು ಬಂದ ದಿನ ನಿಮ್ಮ ಜಗಲಿಯಲ್ಲಿ ಇದ್ದವರು ಮೂರೇ ಜನ. 2021ರ ನವೆಂಬರ್, ನಿಮ್ಮಲ್ಲಿ ಕಾಫಿ ಹಣ್ಣು ಕೊಯ್ಲು ನಡೆಯುತ್ತಿತ್ತು. ನಾನು ಪಂಚಾಯಿತಿ ಅಧ್ಯಕ್ಷೆಯಾಗಿ ಒಂಬತ್ತು ತಿಂಗಳಾಗಿತ್ತು. ರಸ್ತೆಗೆ ಅನುದಾನ ಬಂದಿತ್ತು, ಜಾಗ ಮಾತ್ರ ನಿಮ್ಮದಾಗಿತ್ತು. ನಾನು ಅಂಜುತ್ತಾ ಕೇಳಿದ್ದಕ್ಕೆ ಗೌಡ್ರು ಒಂದು ನಿಮಿಷವೂ ಯೋಚಿಸಲಿಲ್ಲ. "ಜೀಪು ಹೋಗೋವಷ್ಟು ಅಗಲ ಮಾಡ್ಸು ಮಾರಾಯ್ತಿ. ನಿಮ್ಮ ಮಕ್ಳು ಕೆಸರಲ್ಲಿ ಬಿದ್ಕೊಂಡು ಎದ್ಕೊಂಡು ಶಾಲೆಗೆ ಹೋಗೋದು ನೋಡಿ ನಂಗೂ ಸಾಕಾಗ್ಯದೆ. ನಾಲ್ಕು ಸಾಲು ಗಿಡ ಹೋದ್ರೆ ಹೋಗ್ಲಿ" ಎಂದರು. ನೀನು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಆ ಮೂವರಲ್ಲಿ ಗೌಡ್ರು ಈಗ ಇಲ್ಲ. ನನ್ನ ಮಾತನ್ನು ಯಾರೂ ನಂಬುವುದಿಲ್ಲ, ಏಕೆಂದರೆ ಜಾಗಕ್ಕೆ ತಕರಾರಿಲ್ಲ ಎಂದು ದೃಢೀಕರಣ ಬರೆದುಕೊಟ್ಟು ಟೆಂಡರ್ ಕರೆಸಿದವಳೇ ನಾನು. ಉಳಿದವಳು ನೀನು.

ತಹಶೀಲ್ದಾರ್ ಮುಂದೆ ಅರ್ಜಿ ಹಾಕಿದ್ದೇವೆ. ಫೆಬ್ರವರಿ ಇಪ್ಪತ್ತಕ್ಕೆ ವಿಚಾರಣೆ. ನೀನು ಬಂದು, ಅಪ್ಪ ಹೀಗೆ ಹೇಳಿದ್ದನ್ನು ಕೇಳಿದ್ದೇನೆ ಎಂದು ಒಂದು ಹೇಳಿಕೆ ಕೊಟ್ಟರೆ ಸಾಕು. ಹಾಸನದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ವಾಪಸ್ಸು ಹೋಗಬಹುದು.

ರುಕ್ಮಿಣಮ್ಮನವರ ಮೊಣಕಾಲು ಹೇಗಿದೆ? ನನ್ನ ಅತ್ತೆ ದೇವೀರಮ್ಮ ಕೇಳುತ್ತಲೇ ಇರುತ್ತಾರೆ.

ನಿನ್ನ ಬೆಂಚಿನ ಪಕ್ಕದವಳು,
ಯಶೋದಾ

---

ಹಾಸನ
3 ಫೆಬ್ರವರಿ 2025

ಪ್ರೀತಿಯ ಯಶೋದಾ,

ನಿನ್ನ ಪತ್ರ ಬಂದು ಎರಡು ವಾರವಾಯಿತು. ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆಗಳು, ಮನೆಯಲ್ಲಿ ಅಮ್ಮನ ಆರೈಕೆ. ಉತ್ತರ ಬರೆಯಲು ಆಗಲಿಲ್ಲ. ಗೇಟಿನ ವಿಷಯ ಓದಿ ತುಂಬಾ ಬೇಸರವಾಯಿತು.

ನಾನು ಹೇಳುವುದನ್ನು ತಪ್ಪು ತಿಳಿಯಬೇಡ. ಆ ದಿನ ನಾನು ಕಾಫಿ ಕೊಟ್ಟು ಒಳಗೆ ಹೋದೆನೆಂದು ನೆನಪು. ಅಪ್ಪ ನಿನ್ನ ಹತ್ತಿರ ರಸ್ತೆಯ ವಿಷಯ ಮಾತನಾಡಿದ್ದು ಗೊತ್ತು. ಆದರೆ ಯಾವ ಮಾತಿನಲ್ಲಿ, ಎಷ್ಟು ಖಚಿತವಾಗಿ ಹೇಳಿದರು ಎಂಬುದನ್ನು ಸರ್ಕಾರಿ ಅಧಿಕಾರಿಯ ಮುಂದೆ ಹೇಳುವಷ್ಟು ನೆನಪು ನನಗಿಲ್ಲ.

ಇನ್ನೊಂದು ವಿಷಯವಿದೆ. ತೋಟ ಮಾರುವಾಗ ಕ್ರಯಪತ್ರದಲ್ಲಿ, ಈ ಸ್ವತ್ತಿನಲ್ಲಿ ಬೇರೆ ಯಾರಿಗೂ ದಾರಿಯ ಹಕ್ಕು ಇರುವುದಿಲ್ಲ ಎಂದು ನಾನೂ ಅಮ್ಮನೂ ಸಹಿ ಮಾಡಿದ್ದೇವೆ. ಈಗ ಇದೆ ಎಂದು ಹೇಳಿದರೆ ಕೊಂಡವರು ನಮ್ಮ ಮೇಲೆಯೇ ದಾವೆ ಹಾಕಬಹುದು ಎಂದು ಅಶ್ವಿನ್ ಹೇಳುತ್ತಾರೆ. ಈ ವಿಷಯವನ್ನು ಫೋನಿನಲ್ಲಿ ಮಾತನಾಡಬೇಡ ಎಂದಿದ್ದೂ ಅವರೇ. ಗಂಡನ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಿದ್ದಾಳೆ ಎಂದುಕೊಳ್ಳಬೇಡ.

ಆಗ ಕಾಗದ ಯಾಕೆ ಮಾಡಿಸಿಕೊಳ್ಳಲಿಲ್ಲ ನೀನು? ಪಂಚಾಯಿತಿಯಲ್ಲಿ ಯಾರೂ ಹೇಳಲಿಲ್ಲವಾ?

ಅಮ್ಮ ಈಗ ಕೋಲು ಹಿಡಿದು ಓಡಾಡುತ್ತಾರೆ. ದೇವೀರಮ್ಮನನ್ನು ಕೇಳಿದೆ ಎಂದು ಹೇಳು.

ನಿನ್ನ ಒಳಿತನ್ನೇ ಬಯಸುವ,
ರಕ್ಷಾ

---

ಬೈನೆಗುಡ್ಡ ಕಾಲೋನಿ
24 ಫೆಬ್ರವರಿ 2025

ಶ್ರೀಮತಿ ರಕ್ಷಾ ಅವರಿಗೆ, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಮೊದಲ ವಿಚಾರಣೆಯೂ ಮುಗಿಯಿತು. ನೀವು ಬರುವುದಿಲ್ಲ ಎಂದು ಗೊತ್ತಿದ್ದರೂ ಹಾಸನದ ಬಸ್ಸು ಬರುವ ಹೊತ್ತಿಗೆ ಎರಡು ಸಲ ಬಸ್‌ಸ್ಟ್ಯಾಂಡಿಗೆ ಹೋಗಿ ನೋಡಿ ಬಂದೆ. ಕಾಲೋನಿಯಿಂದ ಹದಿನಾಲ್ಕು ಜನ ದಿನದ ಕೂಲಿ ಬಿಟ್ಟು ಬಂದಿದ್ದರು.

ಮೊದಲು ಗುತ್ತಿಗೆದಾರ ಚೌಡಯ್ಯನವರನ್ನು ಕರೆದರು. ಅವರು ಸುಳ್ಳು ಹೇಳಲಿಲ್ಲ. "ವರ್ಕ್ ಆರ್ಡರ್ ಕೊಟ್ಟಾಗ್ಲೇ ಕೇಳ್ದೆ ಸ್ವಾಮಿ, ಜಾಗದ ಕಾಗದ ಎಲ್ಲಿ ಮೇಡಂ ಅಂತ. ಗೌಡ್ರ ಮಾತಿಗಿಂತ ಕಾಗದ ದೊಡ್ದಾ ಅಂತ ನನ್ನೇ ಬೈದ್ರು" ಎಂದರು. ಬೈದಿದ್ದೆ, ನಿಜ. ಆ ಮನುಷ್ಯ ಕೆಲಸ ಮಾತ್ರ ಚೆನ್ನಾಗಿ ಮಾಡಿದ. ಮೂರು ಮಳೆಗಾಲಕ್ಕೂ ಬಿರುಕು ಬಿಡದ ಪಂಚಾಯಿತಿ ರಸ್ತೆ ನಮ್ಮ ಕಡೆ ಅದೊಂದೇ. ಈಗ ಅದರ ಮೇಲೆ ರೆಸಾರ್ಟಿಗೆ ಬಂದವರು ಬ್ಯಾಟರಿ ಗಾಡಿಯಲ್ಲಿ ಓಡಾಡುತ್ತಾರೆ. ಭೂಪರಿವರ್ತನೆಗೆ ಅವರು ಕೊಟ್ಟ ನಕ್ಷೆಯಲ್ಲಿ ನಮ್ಮ ರಸ್ತೆಗೆ "ಒಳದಾರಿ" ಎಂದು ಹೆಸರಿಟ್ಟಿದ್ದಾರೆ.

ಆಮೇಲೆ ನನ್ನ ಸರದಿ. ರೆಸಾರ್ಟಿನ ವಕೀಲರು ಎದ್ದು ನಿಂತರು.

"ಮಾಲೀಕರ ಒಪ್ಪಿಗೆ ಪತ್ರ ಇದೆಯಾ?"

"ಇಲ್ಲ ಸಾರ್."

"ಇಲ್ದೇ ಇದ್ರೂ ಜಾಗ ತಕರಾರಿಲ್ಲ ಅಂತ ದೃಢೀಕರಣಕ್ಕೆ ಸೈನ್ ಹಾಕಿದ್ರಿ."

"ಹಾಕ್ದೆ."

"ಒಂದು ಸಹಿ ಕೇಳಕ್ಕೆ ಏನಾಗಿತ್ತು ನಿಮಗೆ?"

"ಕೇಳಕ್ಕೇ ಹೋಗಿದ್ದೆ ಸಾರ್. ಅವ್ರು ಕುರ್ಚಿ ಕೊಟ್ರು."

ಅಲ್ಲಿದ್ದವರೆಲ್ಲ ನಕ್ಕರು. ವಕೀಲರೂ ನಕ್ಕರು. ನಮ್ಮ ಕಾಲೋನಿಯವರು ಮಾತ್ರ ನಗಲಿಲ್ಲ.

ಕಾಗದ ಯಾಕೆ ಮಾಡಿಸಿಕೊಳ್ಳಲಿಲ್ಲ ಎಂದು ನೀವೂ ಕೇಳಿದ್ದೀರಿ. ಹಾಗಾದರೆ ಪೂರ್ತಿ ಕೇಳಿ. ಕಾಗದ ನನ್ನ ಚೀಲದಲ್ಲೇ ಇತ್ತು. ನೂರು ರೂಪಾಯಿಯ ಬಾಂಡ್ ಪೇಪರು, ಟೈಪ್ ಮಾಡಿಸಿ ಸರ್ವೆ ನಂಬರು, ಅಗಲ, ಉದ್ದ ಎಲ್ಲ ಬರೆಸಿಕೊಂಡೇ ನಿಮ್ಮ ಮನೆಗೆ ಬಂದಿದ್ದೆ. ಗೌಡ್ರು ಸಹಿ ಮಾಡುವ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತನ್ನೂ ಹಾಕಿಕೊಂಡಿದ್ದೆ. ನನ್ನ ಅವ್ವ ಕಲ್ಲಮ್ಮ ಮೂವತ್ತು ವರ್ಷ ನಿಮ್ಮ ಜಗಲಿಯ ಕೆಳಗೆ ನಿಂತೇ ಮಾತಾಡಿದವಳು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತ ನಾನೂ ನಿಮ್ಮ ಮನೆಗೆ ಬಂದಾಗ ಮೆಟ್ಟಿಲಲ್ಲೇ ಕೂರುತ್ತಿದ್ದೆ. ಆ ದಿನ ಗೌಡ್ರು ಎದ್ದು, ಕುರ್ಚಿಯ ಮೇಲಿದ್ದ ಪೇಪರನ್ನು ತಮ್ಮ ಕೈಯಾರೆ ತೆಗೆದಿಟ್ಟು, "ಬಾ ಅಧ್ಯಕ್ಷೆ, ಕೂತ್ಕೋ" ಎಂದರು. ನೀವು ನಿಮ್ಮ ಮನೆಯ ಲೋಟದಲ್ಲೇ ಕಾಫಿ ತಂದುಕೊಟ್ಟಿರಿ.

ಕೇಳಿದ ಕೂಡಲೇ ಜಾಗ ಕೊಟ್ಟ ಮನುಷ್ಯನ ಮುಂದೆ, ಅವರು ಕೊಟ್ಟ ಕುರ್ಚಿಯಲ್ಲಿ ಕೂತು, ಬಾಂಡ್ ತೆಗೆದು "ಇದಕ್ಕೆ ಸೈನ್ ಹಾಕಿ" ಎನ್ನುವುದು ಹೇಗೆ? ನಿಮ್ಮನ್ನು ನಂಬುವುದಿಲ್ಲ ಎಂದು ಮುಖದ ಮೇಲೆ ಹೇಳಿದ ಹಾಗಲ್ಲವಾ? ಕೈ ಚೀಲದ ಬಾಯಿಯವರೆಗೂ ಹೋಯಿತು. ವಾಪಸ್ಸು ತಂದು ಮಡಿಲಲ್ಲಿಟ್ಟುಕೊಂಡೆ. ನಾಳೆ ನೋಡೋಣ, ಇನ್ನೊಂದು ದಿನ ನೋಡೋಣ ಎಂದುಕೊಂಡೆ. ಅಷ್ಟರಲ್ಲಿ ಮಾರ್ಚಿಯೊಳಗೆ ಕೆಲಸ ಮುಗಿಸದಿದ್ದರೆ ಅನುದಾನ ಹಿಂದಕ್ಕೆ ಹೋಗುತ್ತದೆ ಎಂದು ಆಫೀಸಿನಲ್ಲಿ ಅವಸರ ಮಾಡಿದರು. ಗೌಡ್ರ ಮಾತೇ ಇದೆಯಲ್ಲ ಎಂದು ದೃಢೀಕರಣಕ್ಕೆ ಸಹಿ ಹಾಕಿದೆ. ರಸ್ತೆ ಮುಗಿದ ತಿಂಗಳಿಗೇ ಅವರು ತೀರಿಕೊಂಡರು.

ನನ್ನ ತಪ್ಪು ಅದು. ಮೂವತ್ತೆರಡು ಮನೆಯ ದಾರಿಯನ್ನು ನನ್ನ ಒಂದು ಸಂಕೋಚಕ್ಕೆ ಕಳೆದೆ. ಇದನ್ನು ಕಾಲೋನಿಯಲ್ಲಿ ಯಾರಿಗೂ ಹೇಳಿಲ್ಲ, ನಿಮಗೆ ಬರೆದಿದ್ದೇನೆ. ಬಾಂಡ್ ಪೇಪರು ಈಗಲೂ ಟ್ರಂಕಿನಲ್ಲಿದೆ. ನನ್ನ ತಪ್ಪಿಗೆ ನೀವು ಹೊಣೆಯಲ್ಲ. ಆದರೆ ನೀವು ಒಳಗೆ ಹೋಗಿರಲಿಲ್ಲ. ಕಾಫಿ ಆರುವವರೆಗೂ ಬಾಗಿಲಲ್ಲೇ ಇದ್ದಿರಿ.

ಇಂತಿ,
ಯಶೋದಾ ಉಮೇಶ್
ಮಾಜಿ ಅಧ್ಯಕ್ಷರು

---

ಹಾಸನ
8 ಏಪ್ರಿಲ್ 2025

ಯಶೋದಾ,

ನಿನ್ನ "ನೀವು" ನೋಡಿ ಎರಡು ದಿನ ಪತ್ರ ಪೂರ್ತಿ ಓದಲಾಗಲಿಲ್ಲ.

ಬಾಂಡ್ ಪೇಪರಿನ ವಿಷಯ ಓದಿದೆ. ಅದರ ಬಗ್ಗೆ ನಾನು ಹೇಳಬೇಕಾದದ್ದು ಒಂದಿದೆ, ಈಗ ಆಗುತ್ತಿಲ್ಲ. ಮುಂದಿನ ವಿಚಾರಣೆ ಯಾವತ್ತು? ಆಫೀಸು ಅದೇ ಹಳೆ ಕಟ್ಟಡದಲ್ಲಿದೆಯಾ?

ಈ ಸಲ ಹೂಮಳೆ ಹೇಗೆ ಬಂತು? ಇಲ್ಲಿ ಕೂತವಳಿಗೆ ಹೂವು ಅರಳಿದ್ದೂ ಗೊತ್ತಾಗುವುದಿಲ್ಲ.

ರಕ್ಷಾ

---

ಬೈನೆಗುಡ್ಡ ಕಾಲೋನಿ
29 ಏಪ್ರಿಲ್ 2025

ರಕ್ಷಾ,

ಹೋಗಲಿ, ಮತ್ತೆ "ನೀನು" ಎಂದೇ ಬರೆಯುತ್ತೇನೆ. "ನೀವು" ಬರೆದು ಬರೆದು ನನಗೂ ಆಫೀಸಿನ ಅರ್ಜಿ ಬರೆದ ಹಾಗಾಗಿತ್ತು.

ಮೇ ಇಪ್ಪತ್ತೆರಡು, ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಆಫೀಸು ಅಲ್ಲೇ, ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆ. ಇದೇ ಕೊನೆಯ ವಿಚಾರಣೆ, ಆಮೇಲೆ ಆದೇಶ. ಹಳೆಯ ಗ್ರಾಮನಕಾಶೆ ತರಿಸಿ ನೋಡಿದ್ದಾರಂತೆ, ಅದರಲ್ಲಿ ನಿಮ್ಮ ತೋಟದ ನಡುವೆ ಚುಕ್ಕಿಚುಕ್ಕಿಯಾಗಿ ಕಾಲುದಾರಿ ಬರೆದಿದೆಯಂತೆ. ಅಷ್ಟಕ್ಕೇ ನಮ್ಮವರು ಕುಣಿಯುತ್ತಿದ್ದಾರೆ. ಕಾಲುದಾರಿ ಬೇರೆ, ಜೀಪಿನ ದಾರಿ ಬೇರೆ ಎಂದು ನನಗೆ ಗೊತ್ತು. ಆ ಅಗಲವನ್ನು ಬಿಟ್ಟುಕೊಟ್ಟದ್ದು ನಿನ್ನ ಅಪ್ಪನ ಬಾಯಿಮಾತು. ಅದನ್ನು ಹೇಳಬಲ್ಲವಳು ನೀನು.

ಹೂಮಳೆ ಮಾರ್ಚಿಯಲ್ಲೇ ಬಂತು. ನಿಮ್ಮ ತೋಟದಲ್ಲಿ ಅರ್ಧ ಗಿಡ ಕಿತ್ತು ಕಾಟೇಜು ಕಟ್ಟುತ್ತಿದ್ದಾರೆ, ಉಳಿದದ್ದು ಅರಳಿತು. ಅತ್ತೆ ಗೇಟಿನ ಹೊರಗೆ ನಿಂತು ನೋಡಿ ಬಂದರು. ನಲವತ್ತು ವರ್ಷ ಕೊಯ್ದ ಗಿಡಗಳು ತಾನೇ. ಬಂದವರೇ, "ಗಿಡಕ್ಕೆ ಕಸಿ ಮಾಡಿಲ್ಲ ಇವ್ರು, ರೆಂಬೆ ಸವರಿಲ್ಲ, ಹೂವೆಲ್ಲ ಮೇಲೆ ಹೋಗ್ಯದೆ" ಎಂದು ಗೊಣಗಿದರು. ಈಗಲೂ ಅದು ಅವರದೇ ತೋಟ ಎಂಬ ಗತ್ತು.

ಬಂದರೆ ಮೀನು ಸಾರು ಮಾಡುತ್ತೇನೆ. ಬಾ ಮಾರಾಯ್ತಿ.

ಕಾಯುತ್ತಿರುವ,
ಯಶೋದಾ

---

ಬೈನೆಗುಡ್ಡ ಕಾಲೋನಿ
10 ಆಗಸ್ಟ್ 2025

ರಕ್ಷಾ,

ಮೇ ಇಪ್ಪತ್ತೆರಡರಂದು ಮೆಟ್ಟಿಲ ಮೇಲೆ ಮಧ್ಯಾಹ್ನದವರೆಗೆ ಕಾದೆ. ಆ ಮಾತು ಅಲ್ಲಿಗೆ ಬಿಡುತ್ತೇನೆ. ಈ ಪತ್ರ ಬರೆಯುತ್ತಿರುವುದು ಬೈಯಲು ಅಲ್ಲ. ಅತ್ತೆಯ ವಿಷಯ ನಿನಗೂ ರುಕ್ಮಿಣಮ್ಮನವರಿಗೂ ತಿಳಿಸಬೇಕು ಎಂದು ಉಮೇಶ್ ಹೇಳಿದರು.

ಜೂನ್ ಹದಿನೇಳರ ಬೆಳಿಗ್ಗೆ ಅತ್ತೆ ಹಂಡೆಯ ಹತ್ತಿರ ಕುಸಿದು ಬಿದ್ದರು. ಬಾಯಿ ಒಂದು ಕಡೆ ವಾಲಿತ್ತು. ಆಂಬುಲೆನ್ಸು ಬೇಗನೆ ಬಂತು, ಬಂದು ಗೇಟಿನಲ್ಲಿ ನಿಂತಿತು. ಬೀಗದ ಕೈ ಮ್ಯಾನೇಜರ್ ಹತ್ತಿರ, ಮ್ಯಾನೇಜರ್ ಚಿಕ್ಕಮಗಳೂರಿನಲ್ಲಿ. ಅರ್ಧ ಗಂಟೆ ಫೋನಿನಲ್ಲೇ ಹೋಯಿತು. ಕೊನೆಗೆ ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ, ಅತ್ತೆಯನ್ನು ಸೀರೆಯಲ್ಲಿ ಬಿಗಿದು, ಆ ಮಳೆಯಲ್ಲಿ ನಾಲ್ಕು ಜನ ಹೊತ್ತರು. ನಾನು ಕೊಡೆ ಹಿಡಿದುಕೊಂಡು ಪಕ್ಕದಲ್ಲಿ ಓಡಿದೆ. ನಾನೇ ಮಾಡಿಸಿದ ಕಾಂಕ್ರೀಟಿನ ಮೇಲೆ, ರಕ್ಷಾ. ಆಂಬುಲೆನ್ಸು ಆರಾಮಾಗಿ ಹೋಗುವಷ್ಟು ಅಗಲವಿದೆ ಅದು.

ಗೇಟಿನ ಸಂದಿಯಲ್ಲಿ ಕುರ್ಚಿ ದಾಟಲಿಲ್ಲ. ಅತ್ತೆಯನ್ನು ಬಿಚ್ಚಿ, ಬೇಲಿಯ ಮೇಲಿಂದ ಕೈಯಿಂದ ಕೈಗೆ ಆಚೆ ಇಳಿಸಿದರು. ಬೆಳ್ಳಿಯಪ್ಪಣ್ಣ ಗೇಟಿನ ಸರಳು ಹಿಡಿದುಕೊಂಡು ಅಳುತ್ತಾ ನಿಂತಿದ್ದ. "ಸ್ವಲ್ಪ ಬೇಗ ತಂದಿದ್ರೆ ಕೈ ಉಳೀತಿತ್ತೇನೋ" ಎಂದರು ಡಾಕ್ಟರು. ಮಾತು ತಿರುಗಿ ಬಂದಿದೆ. ಬಲಗೈ ಬಂದಿಲ್ಲ.

ಜುಲೈ ಇಪ್ಪತ್ತೆಂಟಕ್ಕೆ ಆದೇಶವಾಯಿತು. ನಕಾಶೆಯಲ್ಲಿ ಚುಕ್ಕಿ ಗೆರೆ ಇರುವುದರಿಂದ ನಡೆದು ಹೋಗಲು ತಡೆಯಬಾರದು. ವಾಹನದ ದಾರಿಗೆ ಮಾಲೀಕರ ಒಪ್ಪಿಗೆ ಇದ್ದ ಬಗ್ಗೆ ದಾಖಲೆಯಾಗಲೀ ಸಾಕ್ಷಿಯಾಗಲೀ ಇಲ್ಲ. ಅಧಿಕಾರಿಯ ತಪ್ಪೇನಿಲ್ಲ, ಅವರ ಮುಂದೆ ನಾವು ಇಟ್ಟದ್ದೇ ಅಷ್ಟು. ರೆಸಾರ್ಟಿನವರು ದೊಡ್ಡ ಗೇಟಿನ ಪಕ್ಕ ಒಬ್ಬರು ಹೋಗುವಷ್ಟು ಸಣ್ಣ ಗೇಟು ಮಾಡಿಕೊಟ್ಟಿದ್ದಾರೆ. ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ಗೊಬ್ಬರ ಎಲ್ಲ ತಲೆಯ ಮೇಲೆ.

ಮೇಲ್ಮನವಿ ಹಾಕಬಹುದಂತೆ. ಯಾವ ಮುಖ ಹೊತ್ತು ಕಾಲೋನಿಯವರನ್ನು ಮತ್ತೆ ಕರೆಯಲಿ?

ಯಶೋದಾ

---

ಹಾಸನ
19 ಅಕ್ಟೋಬರ್ 2025

ಯಶೋದಾ,

ಈ ಲಕೋಟೆಯಲ್ಲಿ ಎರಡು ಕಾಗದಗಳಿವೆ. ಒಂದು ಈ ಪತ್ರ. ಇನ್ನೊಂದು ನೋಟರಿಯ ಮುಂದೆ ಮಾಡಿದ ನನ್ನ ಪ್ರಮಾಣಪತ್ರ. ಅಪ್ಪ ಜೀಪಿನ ದಾರಿಗೆ ಜಾಗ ಬಿಟ್ಟುಕೊಟ್ಟದ್ದನ್ನು ನಾನು ಕಿವಿಯಾರೆ ಕೇಳಿದೆ ಎಂದು ಅದರಲ್ಲಿದೆ. ಅದನ್ನು ವಕೀಲರಿಗೆ ಕೊಡು. ಈ ಪತ್ರ ನಿನಗೆ ಮಾತ್ರ.

ನಿನ್ನ ಆಗಸ್ಟಿನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ದೇವೀರಮ್ಮನ ಕೈ ಎಂದ ಕೂಡಲೇ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ನನ್ನನ್ನು ಬಾಣಂತಿಮನೆಯಲ್ಲಿ ಎಣ್ಣೆ ಹಚ್ಚಿ ಮೀಯಿಸಿದ ಕೈ ಅದು. ಆಮೇಲೆ ಒಂದೇ ಮಾತು ಕೇಳಿದರು: "ಅವತ್ತು ನಿಮ್ಮಪ್ಪ ಹೇಳಿದ್ನ ನೀನು ಮಾಡ್ಲಿಲ್ವೇನೆ?"

ಅದನ್ನೇ ನಿನಗೆ ಹೇಳಬೇಕಾಗಿತ್ತು. ಆ ದಿನ ನೀನು ಕಾಫಿ ಕುಡಿದು ಮೆಟ್ಟಿಲು ಇಳಿದು ಹೋದೆಯಲ್ಲ, ಅಪ್ಪ ನಿನ್ನನ್ನು ನೋಡುತ್ತಾ ನಿಂತಿದ್ದರು. "ಆ ಹುಡುಗಿ ಚೀಲದಲ್ಲಿ ಬಾಂಡ್ ಪೇಪರ್ ಇಟ್ಕೊಂಡಿತ್ತು ಕಣೆ, ತುದಿ ಕಾಣ್ತಿತ್ತು" ಎಂದರು. "ಬಾಯಿ ಬಿಟ್ಟು ಕೇಳ್ಲಿಲ್ಲ. ನಾನಾಗೇ ಕೊಡು ಅಂದ್ರೆ, ನಾನು ನೋಡಿಬಿಟ್ಟೆ ಅಂತ ಅದು ನಾಚ್ಕೊಂಡೀತು ಅಂತ ಸುಮ್ನಾದೆ. ನಾಳೆ ನೀನೇ ಹೋಗಿ ಇಸ್ಕೊಂಡ್ ಬಾ. ಸೈನ್ ಹಾಕ್ ಕೊಡ್ತೀನಿ. ನಾನಿರೋವಷ್ಟು ದಿನ ಸರಿ, ಆಮೇಲೆ ಅವ್ರಿಗೆ ತೊಂದ್ರೆ ಆಗ್ಬಾರ್ದು."

ಆಯಿತು ಅಪ್ಪ ಎಂದೆ. ಹೋಗಲಿಲ್ಲ.

ಮರೆತೆ ಎಂದು ಬರೆದರೆ ನೀನು ನಂಬುತ್ತೀಯ. ನಾನು ಮರೆತಿರಲಿಲ್ಲ. ಅದಕ್ಕೆ ಒಂದು ವಾರ ಮೊದಲು ಒಬ್ಬ ಬ್ರೋಕರ್ ಅಪ್ಪನಿಗೆ ತಿಳಿಯದ ಹಾಗೆ ಬಂದು ತೋಟ ನೋಡಿಕೊಂಡು ಹೋಗಿದ್ದ. ಕರೆಸಿದ್ದು ನಾನು. ಅಪ್ಪನಿಗೆ ವಯಸ್ಸಾಗಿತ್ತು, ಆಮೇಲೆ ತೋಟ ನೋಡಿಕೊಳ್ಳುವವರು ಇರಲಿಲ್ಲ, ಇಂದಲ್ಲ ನಾಳೆ ಮಾರಬೇಕು ಎಂದು ನಾನು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಕಾಲೋನಿಗೆ ರಸ್ತೆ ಬರುವ ಸುದ್ದಿ ಕೇಳಿ, ನಡುವೆ ರಸ್ತೆ ಬರೆದುಕೊಟ್ಟರೆ ತೋಟ ಎರಡು ಹೋಳಾಗುತ್ತದೆ, ದೊಡ್ಡವರು ಯಾರೂ ಕೊಳ್ಳುವುದಿಲ್ಲ ಎಂದಿದ್ದ ಆತ. ಗುದ್ದಲಿ ಪೂಜೆಯ ದಿನ ಕಾಯಿ ಒಡೆದು ಬಂದ ಅಪ್ಪ "ಕಾಗದ ಆಯ್ತಾ?" ಎಂದು ಕೇಳಿದರು. ಯಶೋದಾ ತರುತ್ತಾಳಂತೆ ಎಂದೆ. ಆಸ್ಪತ್ರೆಯಲ್ಲಿ ಮಾತು ತೊದಲುತ್ತಿದ್ದಾಗಲೂ ಒಮ್ಮೆ ಕೈಯಲ್ಲಿ ಸಹಿ ಮಾಡುವ ಹಾಗೆ ಸನ್ನೆ ಮಾಡಿದರು. ನಾಳೆ ಅಪ್ಪ ಎಂದೆ.

ನೀನು ಸಂಕೋಚದಿಂದ ಸುಮ್ಮನಾದೆ, ಅಪ್ಪ ನಿನ್ನ ಸಂಕೋಚ ಕಂಡು ಸುಮ್ಮನಾದರು. ನಾನು ಲೆಕ್ಕ ಹಾಕಿ ಸುಮ್ಮನಾದೆ. ತಪ್ಪು ನನ್ನದು ಎಂದು ನೀನು ಬರೆದಾಗಲೂ ನಾನು ಬಾಯಿ ಬಿಡಲಿಲ್ಲ.

ಮೇ ಇಪ್ಪತ್ತೆರಡರಂದು ನಾನು ಮೂಡಿಗೆರೆಗೆ ಬಂದಿದ್ದೆ. ಎದುರಿನ ಮೆಡಿಕಲ್ ಶಾಪಿನ ಮುಂದೆ ನಿಂತು ನಿನ್ನನ್ನು ನೋಡಿದೆ. ನೀನು ಹಸಿರು ಸೀರೆ ಉಟ್ಟಿದ್ದೆ, ಫೈಲನ್ನು ಎದೆಗೆ ಒತ್ತಿಕೊಂಡು ಪ್ರತಿ ಬಸ್ಸಿಗೂ ಕತ್ತೆತ್ತಿ ನೋಡುತ್ತಿದ್ದೆ. ರಸ್ತೆ ದಾಟಿದ್ದರೆ ಆಗುತ್ತಿತ್ತು. ದಾಟಲಿಲ್ಲ. ಅದಾಗಿ ಇಪ್ಪತ್ತಾರು ದಿನಕ್ಕೆ ದೇವೀರಮ್ಮ ಬಿದ್ದರು.

ಈ ಪ್ರಮಾಣಪತ್ರದಿಂದ ನಮ್ಮ ಮೇಲೆ ದಾವೆ ಬರಬಹುದು. ಬರಲಿ. ಅಶ್ವಿನ್ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಅವತ್ತಿನಿಂದ ಮಾತು ಬಿಟ್ಟಿದ್ದ ಅಮ್ಮ ಈಗಷ್ಟೇ ಮಾತಾಡುತ್ತಿದ್ದಾರೆ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಕೇಳುವ ಹಕ್ಕು ಇದೆ ಎನ್ನಿಸಲಿಲ್ಲ.

ರಕ್ಷಾ

---

ಬೈನೆಗುಡ್ಡ ಕಾಲೋನಿ
6 ನವೆಂಬರ್ 2025

ರಕ್ಷಾ,

ನಿನ್ನ ಪತ್ರ ಓದಿ ಮೊದಲು ಎರಡನ್ನೂ ಒಲೆಗೆ ಹಾಕೋಣ ಎನ್ನಿಸಿತು. ಪ್ರಮಾಣಪತ್ರ ವಕೀಲರಿಗೆ ಬೇಕಾದೀತು ಎಂದು ತೆಗೆದಿಟ್ಟೆ. ಆಮೇಲೆ ಪತ್ರವನ್ನೂ ಉಳಿಸಿಕೊಂಡೆ, ಗೌಡ್ರ ಮಾತು ಅದರಲ್ಲಿತ್ತಲ್ಲ.

ನಾಲ್ಕು ವರ್ಷ ನಾನು ಅಂದುಕೊಂಡಿದ್ದೆ, ಆ ಕಾಗದವನ್ನು ಅವರಿಗೆ ಕಾಣದ ಹಾಗೆ ಇಟ್ಟುಕೊಂಡು ಮರ್ಯಾದೆ ಉಳಿಸಿದೆ ಎಂದು. ಅವರಿಗೆ ಕಂಡಿತ್ತು. ನನಗೆ ನಾಚಿಕೆಯಾಗಬಾರದು ಎಂದು ಅವರು ಕಾಣದ ಹಾಗೆ ಕೂತಿದ್ದರು. ಒಂದು ಸಲ ಕೈ ಚಾಚಿ "ಕೊಡು ಇಲ್ಲಿ" ಎಂದಿದ್ದರೆ! ಒಂದು ಸಲ ನಾನು ಚೀಲದ ಬಾಯಿ ಅಗಲಿಸಿದ್ದರೆ! ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಗೌಡ್ರು ಸತ್ತ ದಿನವೂ ನಾನು ಅಷ್ಟು ಅತ್ತಿರಲಿಲ್ಲ.

ನಿನ್ನ ಮೇಲಿನ ಸಿಟ್ಟು ಹೋಯಿತು ಎಂದು ಸುಳ್ಳು ಬರೆಯುವುದಿಲ್ಲ. ಅತ್ತೆ ಎಡಗೈಯಲ್ಲಿ ಅನ್ನ ಕಲಸುವುದನ್ನು ನೋಡಿದಾಗಲೆಲ್ಲ ಬರುತ್ತದೆ. ನಿನ್ನ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಕಾಲೋನಿಯವರನ್ನು ಕೂರಿಸಿಕೊಂಡು ಬಾಂಡಿನ ವಿಷಯ ನಾನೇ ಹೇಳಿದೆ. ಯಾರೂ ಬೈಯಲಿಲ್ಲ. "ನಾನಾಗಿದ್ರೂ ತೆಗೀತಿರ್ಲಿಲ್ಲ ಬಿಡು" ಎಂದಳು ಪಕ್ಕದ ಮನೆ ರಂಗಮ್ಮ. ಬೈದಿದ್ದರೆ ಹಗುರವಾಗುತ್ತಿತ್ತು.

ಮೇಲ್ಮನವಿಗೆ ಎಲ್ಲರೂ ಸಹಿ ಹಾಕಿದ್ದಾರೆ. ಅತ್ತೆ ಐವತ್ತರ ಮೇಲೆ ಅಕ್ಷರ ಕಲಿತವರು. ಹೆಬ್ಬೆಟ್ಟು ಒತ್ತು ಎಂದರೆ ಸಿಟ್ಟಾಗಿ, ಪೆನ್ನು ಕಿತ್ತುಕೊಂಡು "ದೇವೀರಮ್ಮ" ಎಂದು ದೊಡ್ಡದಾಗಿ ಬರೆಯುತ್ತಿದ್ದರು. ಮೊನ್ನೆ ತಾವಾಗಿಯೇ ಎಡಗೈ ಹೆಬ್ಬೆರಳನ್ನು ಮುಂದಕ್ಕೆ ಕೊಟ್ಟರು. ನಾನೇ ಇಂಕು ಹಚ್ಚಿದೆ.

ಈಗ ಕೆಲಸದ ಮಾತು. ಮನವಿ ಸಲ್ಲಿಸುವ ಅವಧಿ ಮುಗಿದುಹೋಗಿದೆಯಂತೆ. ತಡವಾದದ್ದಕ್ಕೆ ಕಾರಣ ಬರೆದುಕೊಟ್ಟರೆ ಒಪ್ಪಬಹುದು, ಒಪ್ಪದೆಯೂ ಇರಬಹುದು ಎಂದರು ವಕೀಲರು. ನಿನ್ನ ಪ್ರಮಾಣಪತ್ರ ಈಗ ಬಂದದ್ದಕ್ಕೆ ಕಾರಣವನ್ನು ನಾನು ಬರೆಯಲಾರೆ, ನೀನೇ ಬರೆದು ಸಹಿ ಮಾಡಬೇಕು. ಡಿಸೆಂಬರ್ ಹನ್ನೊಂದಕ್ಕೆ ಚಿಕ್ಕಮಗಳೂರಿನಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ ವಿಚಾರಣೆ. ಹಿಂದಿನ ದಿನವೇ ನಮ್ಮ ಮನೆಗೆ ಬಾ. ಆಟೋದವನು ಗೇಟಿನಲ್ಲೇ ಇಳಿಸುತ್ತಾನೆ. ಸಣ್ಣ ಗೇಟಿನಲ್ಲಿ ಬ್ಯಾಗು ಮೊದಲು ತೂರಿಸಿ ಆಮೇಲೆ ನೀನು ದಾಟು. ಬೆಳ್ಳಿಯಪ್ಪಣ್ಣ ಇರುತ್ತಾನೆ, ನಿನ್ನನ್ನು ನೋಡಿ ಎದ್ದು ನಿಲ್ಲುತ್ತಾನೆ, ಕೂತ್ಕೋ ಎಂದು ಹೇಳು. ಅಲ್ಲಿಂದ ನಡೆಯಬೇಕು. ಅತ್ತೆಯನ್ನು ಹೊತ್ತು ತಂದ ದಾರಿ ಅದೇ, ನೋಡಿಕೊಂಡು ಬಾ.

ಮನೆಯಲ್ಲಿ ಕುರ್ಚಿ ಒಂದೇ ಇದೆ, ಬಿದಿರು ಕಟ್ಟಿದ್ದ ಆ ಪ್ಲಾಸ್ಟಿಕ್ ಕುರ್ಚಿ. ಅದರಲ್ಲೇ ನಿನ್ನನ್ನು ಕೂರಿಸುತ್ತೇನೆ. ಕೂತ ಕೂಡಲೇ ಕಾಗದವನ್ನೂ ಪೆನ್ನನ್ನೂ ನಿನ್ನ ಮುಂದೆ ಇಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಬರೆದು ಸಹಿ ಹಾಕು. ಕಾಫಿ ಆಮೇಲೆ.

ಯಶೋದಾ